ಮೇಲಿನವರ ಓಲಗ

ನಮ್ಮಮ್ಮನಿಗೆ ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಓಲಗದವರು ಕಾಫಿಗೆ ಹೋಗಿದ್ದರಂತೆ. ಪುರೋಹಿತರು ಬೆರಳೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಎಂದು ಕೂಗಿದರೂ ನಾದಸ್ವರವಿಲ್ಲ, ಡೋಲಿಲ್ಲ. ಆ ನಿಶ್ಶಬ್ದದಲ್ಲಿ ಹಿಂದಿನ ಸಾಲಿನಿಂದ ಯಾರೋ ಕೆಮ್ಮಿದರು. "ಆ ಕೆಮ್ಮೇ ಕಣೇ ನನ್ನ ಗಟ್ಟಿಮೇಳ" ಎಂದು ಅಮ್ಮ ನನಗೆ ಬುದ್ಧಿ ಬಂದಾಗಿನಿಂದ ಹೇಳುತ್ತಾ ಬಂದಿದ್ದಾಳೆ. ತಾಳಿ ಕಟ್ಟುವಾಗ ಸೀನು, ಕೆಮ್ಮು, ಕೆಟ್ಟ ಮಾತು ಒಂದೂ ಕಿವಿಗೆ ಬೀಳಬಾರದು ಎಂದೇ ಗಟ್ಟಿಮೇಳ ಬಾರಿಸುವುದು. ಅಮ್ಮನ ಕಿವಿಗೆ ಬಿದ್ದುಬಿಟ್ಟಿತ್ತಲ್ಲ! ಅಪ್ಪನಿಗೆ ಪ್ರಮೋಷನ್ ತಪ್ಪಿದ್ದು, ಕುರುಬರಹಳ್ಳಿಯ ನಮ್ಮ ಮನೆಯ ಸಂಪು ಸೋರಿದ್ದು, ನಾನು ಗಣಿತದಲ್ಲಿ ಡುಮ್ಕಿ ಹೊಡೆದದ್ದು, ಎಲ್ಲದಕ್ಕೂ ಆ ಕೆಮ್ಮೇ ಕಾರಣವಾಯಿತು.

ಹಾಗಾಗಿ ನನ್ನ ಮದುವೆ ಗೊತ್ತಾದ ದಿನವೇ ಅಮ್ಮ ಅಪ್ಪನೆದುರು ಸೊಂಟಕ್ಕೆ ಕೈಯಿಟ್ಟು ನಿಂತಳು. "ಏನ್ ಬೇಕಾದ್ರೂ ಕಡಿಮೆ ಮಾಡ್ಕೊಳ್ಳಿ. ಮೈಸೂರು ಪಾಕ್ ಬೇಡ ಅಂದ್ರೆ ಬೇಡ. ಓಲಗಕ್ಕೆ ಮಾತ್ರ ಕೈ ಹಾಕ್ಬೇಡಿ ರೀ. ನನ್ ಮಗಳ ಕಿವಿಗೆ ಕೆಮ್ಮು ಬೀಳ್ಬಾರ್ದು" ಎಂದಳು. ಅಪ್ಪ ತಲೆಯಾಡಿಸಿದರು. ಅಪ್ಪ ತಲೆಯಾಡಿಸುವುದನ್ನು ನಂಬುವ ಹಾಗಿಲ್ಲ. ಮನೆಗೆ ಬಣ್ಣ ಹೊಡೆಸೋಣ ಎಂದಾಗಲೂ ಹೀಗೆಯೇ ಆಡಿಸಿದ್ದರು, ಗೋಡೆ ಇನ್ನೂ ಹಾಗೆಯೇ ಇದೆ.

ಅಪ್ಪ ಫ್ಯಾಕ್ಟರಿಯ ಸ್ಟೋರ್ಸ್‌ನಲ್ಲಿದ್ದು ರಿಟೈರ್ ಆದವರು. ಒಂದು ಬೋಲ್ಟು ಕೇಳಿದರೆ ಹಳೆಯದು ಏನಾಯಿತು ಎಂದು ಕೇಳುವ ಜಾತಿ. ಮದುವೆಗೆ ಸಾಲ ಮಾಡುವುದು ಬೇಡ, ಹಾಸಿಗೆ ಇದ್ದಷ್ಟೇ ಕಾಲು ಚಾಚೋಣ ಎಂದವಳು ನಾನೇ. ಆದರೆ ಅಪ್ಪ ಕಾಲನ್ನೇ ಕತ್ತರಿಸಲು ಹೊರಟರು. ರಿಸೆಪ್ಷನ್ ಸೀರೆ ನೋಡಿ, "ಇಷ್ಟು ದಪ್ಪ ಹಾರ ಹಾಕ್ತಾರೆ, ಕೆಳಗಿರೋ ಸೀರೆ ಯಾರಿಗಮ್ಮಾ ಕಾಣುತ್ತೆ?" ಎಂದರು. ಹಾಗಾದರೆ ಹಾರವನ್ನೇ ಉಟ್ಟುಕೊಳ್ಳಲಾ ಎಂದು ನಾನು ರೇಗಿದೆ. ಅಪ್ಪ ಅದನ್ನೂ ಒಂದು ಕ್ಷಣ ಯೋಚಿಸಿದಂತೆ ಕಂಡಿತು. ನಾನು ರಾಜಾಜಿನಗರದ ಕನ್ನಡಕದ ಅಂಗಡಿಯೊಂದರಲ್ಲಿ ದಿನವಿಡೀ ಚೌಕಾಸಿ ಮಾಡುವವರನ್ನು ನೋಡುವವಳು, ಆದರೂ ಇಂಥ ಗಿರಾಕಿಯನ್ನು ಕಂಡಿರಲಿಲ್ಲ.

ಬಸವೇಶ್ವರನಗರದ ಕಡೆ ಒಂದು ಛತ್ರ ಸಿಕ್ಕಿತು. ಮಹಡಿಯಲ್ಲಿ ದೊಡ್ಡ ಹಾಲು, ಕೆಳಗೆ ಚಿಕ್ಕದು. ಚಿಕ್ಕದು ಹಿಂದೆ ಸ್ಕೂಟರ್ ನಿಲ್ಲಿಸುವ ಜಾಗವಾಗಿತ್ತಂತೆ, ಅದಕ್ಕೇ ಅಗ್ಗ, ಅದಕ್ಕೇ ನಮ್ಮದು. ಮೆಟ್ಟಿಲು ತಿರುಗುವಲ್ಲಿ ಒಂದು ಗಣಪತಿ ಗುಡಿ. ಅದರ ಪಕ್ಕದಲ್ಲಿ ಡೋಲು, ಗಂಟೆ, ಜಾಗಟೆ ಮೂರನ್ನೂ ಕರೆಂಟಿನಲ್ಲಿ ತಾನೇ ಬಡಿಯುವ ಯಂತ್ರ. ದೇವಸ್ಥಾನಗಳಲ್ಲಿ ಮಂಗಳಾರತಿಗೆ ಕಿವಿ ಹರಿಯುವಂತೆ ಬಡಿಯುತ್ತದಲ್ಲ, ಅದೇ. ಛತ್ರ ನೋಡಲು ಹೋದಾಗ ಮ್ಯಾನೇಜರ್ ಉತ್ಸಾಹದಿಂದ ಒತ್ತಿ ತೋರಿಸಿದ. ಅಮ್ಮ ಎದೆ ಹಿಡಿದುಕೊಂಡಳು. ಸ್ವಿಚ್ ಕೆಟ್ಟಿತ್ತು, ಬೆರಳಲ್ಲಿ ಒತ್ತಿ ಹಿಡಿದಿದ್ದರೆ ಬಡಿಯುತ್ತದೆ, ಬಿಟ್ಟರೆ ನಿಂತುಹೋಗುತ್ತದೆ. "ರಿಪೇರಿ ಮಾಡಿಸ್ತೀವಿ ಸಾರ್" ಎಂದ ಮ್ಯಾನೇಜರ್. ಅವನ ದನಿ ಕೇಳಿದರೆ ಆ ಮಾತಿಗೂ ಯಂತ್ರದಷ್ಟೇ ವಯಸ್ಸಾಗಿರಬೇಕು ಅನಿಸಿತು.

ಆಷಾಢ ಬರುವ ಮುಂಚಿನ ಕೊನೆಯ ಒಳ್ಳೆಯ ಮುಹೂರ್ತ ಅದು. ಮಹಡಿಯ ಹಾಲಿಗೂ ಅದೇ ದಿನ, ಅದೇ ಲಗ್ನಕ್ಕೆ ಬೇರೆಯವರ ಮದುವೆ ಗೊತ್ತಾಗಿತ್ತು. "ಮೇಲಿನವರದು ಭಾರೀ ಓಲಗ ಸಾರ್" ಎಂದು ಮ್ಯಾನೇಜರ್ ಹೇಳಿದ್ದೇ ತಡ, ಅಪ್ಪನ ಮುಖ ಬೆಳಗಿತು. ಅಮ್ಮ ಅಡುಗೆಮನೆ ನೋಡಲು ಹೋದಾಗ ನನ್ನನ್ನು ಮೂಲೆಗೆ ಕರೆದರು.

"ಶಬ್ದಕ್ಕೆ ಗೋಡೆ ಇದೆಯೇನಮ್ಮಾ? ಮೇಲೆ ಬಾರಿಸಿದ್ರೆ ಕೆಳಗೆ ಕೇಳಲ್ವಾ? ಒಂದೇ ಲಗ್ನ ಬೇರೆ. ನಾವ್ಯಾಕೆ ಇನ್ನೊಂದು ಓಲಗ ಕರೆಸ್ಬೇಕು?"

"ಅಪ್ಪಾ, ಇದು ಕಳ್ಳತನ!"

"ಕಳ್ಳತನ ಹೆಂಗಾಗುತ್ತೆ? ಅವರ ಓಲಗ ಅವರ ಹತ್ರಾನೇ ಇರುತ್ತಲ್ಲ."

ನನಗೆ ನಗು ಬಂದುಬಿಟ್ಟಿತು. ಅಪ್ಪನ ಮುಂದೆ ನಕ್ಕವರು ಸೋತಂತೆಯೇ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಅಮ್ಮನಿಗೆ ಹೇಳುವುದಿಲ್ಲವೆಂದು ಒಪ್ಪಿಕೊಂಡೆ.

ಆಮೇಲೆ ಅಪ್ಪನಿಗೆ ನಿದ್ದೆ ಹತ್ತಲಿಲ್ಲ. ಮೇಲಿನವರು ಕೈ ಕೊಟ್ಟರೆ? ದಿನ ಬಿಟ್ಟು ದಿನ ಛತ್ರಕ್ಕೆ ಹೋಗಿ ಮ್ಯಾನೇಜರನ ತಲೆ ತಿಂದರು. ಓಲಗ ಗ್ಯಾರಂಟಿ ತಾನೆ? ಡೋಲು ಒಂದೋ ಎರಡೋ? ಜೋರಾಗಿ ಬಾರಿಸುವವರೋ, ಸಂಗೀತ ಕಚೇರಿಯ ಥರದವರೋ? ದುಡ್ಡು ಕೊಟ್ಟು ಓಲಗ ಗೊತ್ತು ಮಾಡುವವರು ಕೂಡ ಇಷ್ಟು ವಿಚಾರಿಸಿರಲಾರರು.

ಮದುವೆಯ ಬೆಳಗ್ಗೆ ನಾನು ಹಸೆಮಣೆಗೆ ಬರುವ ಮುಂಚೆಯೇ ಅಮ್ಮ ಶುರು ಮಾಡಿದಳು. "ಓಲಗ ಎಲ್ರೀ?"

"ನಮ್ಮ ಹಾಲಲ್ಲಿ ಜಾಗ ಎಲ್ಲಿದೆ? ಮೇಲೆ ಕೂರಿಸಿದೀನಿ. ಮುಹೂರ್ತಕ್ಕೆ ನೋಡ್ತಿರು, ಛಾವಣಿ ಹಾರಿಹೋಗುತ್ತೆ" ಎಂದರು ಅಪ್ಪ.

"ಒಂದು ಪೀಪಿ ಸದ್ದೂ ಇಲ್ವಲ್ಲ?"

"ಟಿಫನ್ ಮಾಡ್ತಿದಾರೆ."

ಓಲಗದವರು ಟಿಫನ್ನಿಗೆ ಹೋಗಿದ್ದಾರೆ ಎಂಬ ಮಾತನ್ನು ಜಗತ್ತಿನಲ್ಲಿ ಯಾರಿಗೆ ಬೇಕಾದರೂ ಹೇಳಬಹುದಿತ್ತು, ನಮ್ಮಮ್ಮನಿಗೆ ಹೇಳಬಾರದಿತ್ತು. ಅವಳ ಮುಖ ಬಾಡಿತು. ನಾನು ಅವಳ ಕೈ ಹಿಡಿದುಕೊಂಡೆ. ಹೇಳಿಬಿಡಲೇ ಎಂದುಕೊಳ್ಳುವಷ್ಟರಲ್ಲಿ ಪುರೋಹಿತರು ಕರೆದರು.

ಜೀರಿಗೆ ಬೆಲ್ಲ ಆಯಿತು. ಅಪ್ಪ ಅಮ್ಮ ಸೇರಿ ಧಾರೆ ಎರೆದರು. ತಾಳಿಯ ತಟ್ಟೆ ಹಿರಿಯರ ಕೈಯೆಲ್ಲ ಮುಟ್ಟಿ ವಾಪಸ್ ಬಂತು. ಕೆಂಗೇರಿಯ ನನ್ನ ಹುಡುಗ ಎದ್ದು ನಿಂತು ನನ್ನ ಕೊರಳ ಹಿಂದಕ್ಕೆ ಕೈ ಚಾಚಿದ. ಪುರೋಹಿತರು ಬೆರಳೆತ್ತಿದರು. "ಗಟ್ಟಿಮೇಳ! ಗಟ್ಟಿಮೇಳ!"

ಏನೂ ಇಲ್ಲ. ಫ್ಯಾನು ಮಾತ್ರ ಕಿರ್ ಎಂದಿತು. ಅಪ್ಪ ತಲೆಯೆತ್ತಿ ಛಾವಣಿ ನೋಡಿದರು. ಅವರನ್ನು ನೋಡಿ ಬೀಗರು ನೋಡಿದರು, ಪುರೋಹಿತರು ನೋಡಿದರು, ಕೊನೆಗೆ ಅಕ್ಷತೆ ಹಿಡಿದ ಇಡೀ ಹಾಲು ಕತ್ತು ಮೇಲೆ ಮಾಡಿ ಕುಳಿತಿತು. ಆಗ ಮಹಡಿಯಿಂದ ಅವರ ಪುರೋಹಿತರ ದನಿ ಸಣ್ಣಗೆ ಕೇಳಿಸಿತು. "ಗಟ್ಟಿಮೇಳ! ಗಟ್ಟಿಮೇಳ!" ಅಲ್ಲಿಯೂ ಆಮೇಲೆ ಸದ್ದಿಲ್ಲ.

"ಕಟ್ಲಾ?" ಎಂದ ಹುಡುಗ ಕಿವಿಯಲ್ಲಿ.

"ಈಗ ಕಟ್ಟಿದ್ರೆ ನಮ್ಮಮ್ಮ ಜನ್ಮಪೂರ್ತಿ ಬಿಡಲ್ಲ. ತಡಿ."

"ಕೈ ನೋಯ್ತಿದೆ ಕಣೇ."

ಅವನ ಸ್ನೇಹಿತನೊಬ್ಬ "ತಡಿ ಮಗಾ, ಫೋನಲ್ಲಿ ಹಾಕ್ತೀನಿ" ಎಂದು ನುಗ್ಗಿ ಬಂದು, ಫೋನನ್ನು ಪುರೋಹಿತರ ಮೈಕಿಗೆ ಹಿಡಿದ. ನಾದಸ್ವರಕ್ಕೆ ಮುಂಚೆ ಜಾಹೀರಾತು ಬಂತು. "ಮದುವೆ ಖರ್ಚಿನ ಚಿಂತೆಯೇ? ತಕ್ಷಣ ಪರ್ಸನಲ್ ಲೋನ್!" ಎಂದು ಒಬ್ಬಳು ಹಾಲಿಗೆಲ್ಲ ಕೇಳುವಂತೆ ನಕ್ಕಳು. ಅದು ಮುಗಿಯುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು?

"ಲಗ್ನ ಮೀರ್ತಿದೆ, ಬೇಗ, ಬೇಗ" ಎಂದು ಪುರೋಹಿತರು ವಾಚು ಕುಟ್ಟಿದರು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿದ್ದ ನಮ್ಮ ದೊಡ್ಡಪ್ಪ ಕೆಮ್ಮಲು ಬಾಯಿ ತೆರೆದರು. ಅಮ್ಮ ತಿರುಗಿ ನೋಡಿದ ನೋಟಕ್ಕೆ ಆ ಮನುಷ್ಯ ಕೆಮ್ಮನ್ನು ಹಾಗೇ ನುಂಗಿಕೊಂಡರು. ಕಣ್ಣಲ್ಲಿ ನೀರು ತುಂಬಿತು ಪಾಪ. ಎಷ್ಟು ಹೊತ್ತು ತಡೆದಾರು?

ಅಪ್ಪ ಮೆಲ್ಲಗೆ ಮಂಟಪದಿಂದ ಜಾರಿ ಮೆಟ್ಟಿಲ ಕಡೆ ಓಡಿದರು. ಅಮ್ಮ ಸೆರಗು ಸಿಕ್ಕಿಸಿಕೊಂಡು ಅವರ ಹಿಂದೆ ಓಡಿದಳು.

ಮೆಟ್ಟಿಲಲ್ಲಿ ನಡೆದದ್ದನ್ನು ನನಗೆ ಹೇಳಿದವರು ಮೇಲಿನ ಹುಡುಗಿಯ ಅಪ್ಪ. ಊಟದ ಹೊತ್ತಿಗೆ ಕೆಳಗೆ ಬಂದು, ನಮ್ಮ ಎಲೆಯ ಮುಂದೆ ನಿಂತು ಹೇಳಿದರು. ಅಪ್ಪ ಹತ್ತುತ್ತಿದ್ದರಂತೆ, ಇವರು ಇಳಿಯುತ್ತಿದ್ದರಂತೆ. ಗಣಪತಿಯ ಮುಂದೆ ಇಬ್ಬರೂ ಎದುರಾಗಿ, ಒಟ್ಟಿಗೇ "ಯಾಕ್ ಸಾರ್, ನಿಮ್ಮ ಓಲಗ ಇನ್ನೂ ಶುರುವಾಗಿಲ್ಲ?" ಎಂದು ಕೇಳಿದರಂತೆ.

"ನಾವೇನೋ ಓಲಗ ಗೊತ್ತು ಮಾಡಿದ್ವಿ ಕಣಮ್ಮ" ಎಂದರು ಅವರು ಸಂಕೋಚದಿಂದ. "ಮ್ಯಾನೇಜರ್ ಹೇಳ್ದ, ಕೆಳಗಿನವರು ದಿನಾ ಬಂದು ಓಲಗದ್ದೇ ವಿಚಾರಿಸ್ತಾರೆ, ಎರಡು ಡೋಲು ಅಂತಾರೆ, ಜೋರು ಅಂತಾರೆ, ಅಂತ. ಇಷ್ಟು ಮುತುವರ್ಜಿ ಇರೋರು ಭರ್ಜರಿಯಾಗೇ ತರಿಸ್ತಾರೆ ಅನ್ಕೊಂಡೆ. ಒಂದೇ ಕಟ್ಟಡದಲ್ಲಿ ಎರಡು ಓಲಗ ಯಾಕೆ? ನಮ್ಮದನ್ನ ಬೇಡ ಅಂದ್ಬಿಟ್ಟೆ."

ಇಬ್ಬರ ಮಾತನ್ನೂ ಅಮ್ಮ ಕೆಳಗಿನ ಮೆಟ್ಟಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. "ಥೂ ನಿಮ್ಮ ಯೋಗ್ಯತೆಗಿಷ್ಟು!" ಎಂದು ಇಬ್ಬರಿಗೂ ಪಾಲು ಹಂಚಿದಂತೆ ಬೈದಳಂತೆ. "ಹೆಂಡ್ತಿ ಬೈದ್ರೂ ನಾನು ಅಷ್ಟು ಹೆದರಿರ್ಲಿಲ್ಲ" ಎಂದರು ಮೇಲಿನವರು. ಆಮೇಲೆ ಅಮ್ಮ ಅವರಿಬ್ಬರನ್ನೂ ಪಕ್ಕಕ್ಕೆ ತಳ್ಳಿ, ಗಣಪತಿಗೆ ಒಂದು ಕೈಯಲ್ಲೇ ನಮಸ್ಕಾರ ಹಾಕಿ, ಇನ್ನೊಂದು ಕೈಯ ಬೆರಳಿನಿಂದ ಸ್ವಿಚ್ ಒತ್ತಿದಳು.

ನಮಗೆ ಕೆಳಗೆ ಇದ್ಯಾವುದೂ ಗೊತ್ತಿಲ್ಲ. ಇದ್ದಕ್ಕಿದ್ದಂತೆ ಢಣ ಢಣ ಢಣ ಎಂದು ಕಟ್ಟಡವೇ ನಡುಗಿತು. ಹುಡುಗ ಬೆಚ್ಚಿ ತಾಳಿ ಕೈಬಿಡಬೇಕು, ಅಷ್ಟರಲ್ಲಿ ನಾನು "ಕಟ್ಟೋ ಮಾರಾಯಾ!" ಎಂದು ಕಿರುಚಿದೆ. ಅದು ಅವನಿಗೂ ಕೇಳಿಸಲಿಲ್ಲ. ಹೇಗೋ ಮೂರು ಗಂಟು ಹಾಕಿದ. ಅಕ್ಷತೆ ಸುರಿಯಿತು. ಮೇಲಿನ ಹಾಲಿನಲ್ಲೂ ಅದೇ ಗದ್ದಲಕ್ಕೆ ಅದೇ ಹೊತ್ತಿಗೆ ತಾಳಿ ಬಿತ್ತಂತೆ. ಅಕ್ಷತೆಯ ನಡುವೆ ನಾನು ಕಣ್ಣೆತ್ತಿ ನೋಡಿದರೆ, ಹಿಂದಿನ ಸಾಲಿನಲ್ಲಿ ದೊಡ್ಡಪ್ಪ ಎದೆ ಹಿಡಿದು, ಭುಜ ಕುಣಿಸಿ, ಮನಸ್ಸು ತೃಪ್ತಿಯಾಗುವಷ್ಟು ಕೆಮ್ಮುತ್ತಿದ್ದರು. ಒಂದಿಷ್ಟೂ ಸದ್ದು ನನ್ನ ಕಿವಿಗೆ ಬೀಳಲಿಲ್ಲ.

ಅದನ್ನು ಹೇಳಬೇಕೆಂದು ಅಮ್ಮನನ್ನು ಹುಡುಕಿದೆ. ಅಮ್ಮ ಇರಲಿಲ್ಲ. ಯಂತ್ರ ಬಡಿಯುತ್ತಲೇ ಇತ್ತು, ನಿಲ್ಲುವ ಲಕ್ಷಣವೇ ಇರಲಿಲ್ಲ. ಆಗ ಹೊಳೆಯಿತು. ಬೆರಳು ಬಿಟ್ಟರೆ ಅದು ನಿಂತುಹೋಗುತ್ತದೆ. ಮಗಳ ತಾಳಿಗೆ ಗಟ್ಟಿಮೇಳ ಬೇಕೆಂದು ಹಟ ಹಿಡಿದವಳು ಮಗಳಿಗೆ ತಾಳಿ ಕಟ್ಟಿದ್ದನ್ನೇ ನೋಡಲಿಲ್ಲ. ನನಗೆ ಅಳು ಬಂದುಬಿಟ್ಟಿತು. ಪಕ್ಕದ ಮನೆಯ ಹುಡುಗಿಯಿಂದ ಪುಕ್ಕಟೆ ಮಾಡಿಸಿಕೊಂಡ ಮೇಕಪ್ಪು ಗಲ್ಲದವರೆಗೆ ಇಳಿಯಿತು. ತವರು ಬಿಡುವ ಸಂಕಟ ಎಂದು ಬೀಗಗಿತ್ತಿ ಬೆನ್ನು ಸವರಿದರು.

ಎಷ್ಟೋ ಹೊತ್ತಿನ ಮೇಲೆ, ಸಾಕು ನಿಲ್ಲಿಸಮ್ಮ ಎಂದು ಪುರೋಹಿತರೇ ಹೇಳಿಕಳಿಸಿದ ಮೇಲೆ, ಅಮ್ಮ ಬಂದಳು. ಬೆರಳ ತುದಿ ಕೆಂಪಗಾಗಿತ್ತು.

"ನೀನು ನೋಡ್ಲೇ ಇಲ್ವಲ್ಲಮ್ಮಾ" ಎಂದೆ.

"ನೋಡೋದೇನು, ವಿಡಿಯೋದಲ್ಲಿ ನೋಡ್ತೀನಿ. ಕೆಮ್ಮು ಕೇಳಿಸ್ತಾ?"

"ಇಲ್ಲ."

"ಸೀನು?"

"ಇಲ್ಲಮ್ಮ. ಏನೇನೂ ಇಲ್ಲ."

ಅಮ್ಮ ಉಸಿರು ಬಿಟ್ಟಳು. ಆಗ ನೋಡಿದೆ, ಅವಳ ತಲೆಯ ತುಂಬಾ ಅಕ್ಷತೆ. ಹೆರಳಲ್ಲಿ, ಮಲ್ಲಿಗೆಯಲ್ಲಿ, ಕಿವಿಯ ಸಂದಿಯಲ್ಲಿ ಕೂಡ ಅರಿಶಿನದ ಅಕ್ಕಿಕಾಳು. ಅವಳು ಈ ಹಾಲಿನಲ್ಲೂ ಇರಲಿಲ್ಲ, ಮೇಲಿನದರಲ್ಲೂ ಇರಲಿಲ್ಲ.

"ಇದೇನಮ್ಮಾ ಇದು?"

ಅಮ್ಮನ ಮುಖ ಕೆಂಪೇರಿತು. "ನಿಮ್ಮಪ್ಪಂಗೆ ಬುದ್ಧಿ ಇಲ್ಲ ಕಣೇ. ನಾನು ಬೆರಳು ಬಿಡೋ ಹಂಗಿಲ್ಲ, ತಿರುಗೋ ಹಂಗಿಲ್ಲ. ಹಿಂದೆ ನಿಂತ್ಕೊಂಡು ಕೈಯಲ್ಲಿದ್ದ ಅಕ್ಷತೆ ಅಷ್ಟನ್ನೂ ನನ್ ತಲೆ ಮೇಲೆ ಸುರಿದ್ರು. ಆ ಮೇಲಿನ ಹುಡುಗಿ ಅಪ್ಪನ ಎದುರಿಗೆ! ನಾಚಿಕೆ ಬೇಡ್ವಾ?"

ಅಪ್ಪ ದೂರದಲ್ಲಿ ನಿಂತು ಯಾವುದೋ ಬಾಳೆಕಂಬವನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು.

ನಮ್ಮ ಕುರುಬರಹಳ್ಳಿ ಮನೆಯ ಸಂಪು ಈಗಲೂ ಸೋರುತ್ತದೆ. ಅಮ್ಮ ಈಗ ಪ್ಲಂಬರನನ್ನು ಬೈಯುತ್ತಾಳೆ.