ಬೆಟ್ಟದ ನೆತ್ತಿಯ ಕೆಂಪು

ಅಮ್ಮ ಆ ಚಿತ್ರಕ್ಕೆ ಕುಂಕುಮ ಇಟ್ಟದ್ದನ್ನು ನಾನು ನಿಜವಾಗಿ ನೋಡಿದೆನೋ, ಆಮೇಲೆ ಮನಸ್ಸಿನಲ್ಲೇ ಕಟ್ಟಿಕೊಂಡೆನೋ, ಹೇಳಲಾರೆ. ಕಣ್ಣು ಮುಚ್ಚಿದರೆ ಕಾಣುತ್ತದೆ: ಸ್ವೀಡನ್ನಿನ ಮೋಲ್ನ್‌ಡಾಲ್‌ನ ನಮ್ಮ ಫ್ಲಾಟು, ಆಯುಧಪೂಜೆ. ಊರಿನಿಂದ ಬಂದಿದ್ದ ಅಮ್ಮ ಮಿಕ್ಸಿ, ಲ್ಯಾಪ್‌ಟಾಪು, ಕಾರಿನ ಕೀಲಿ ಎಲ್ಲಕ್ಕೂ ಕುಂಕುಮ ಇಟ್ಟು, ಗೋಡೆಯ ಮೇಲಿನ ಚಿತ್ರದ ಮುಂದೆ ನಿಂತು, "ಬೆಟ್ಟ ಅಂದ್ಮೇಲೆ ಮೇಲೊಂದು ದೇವ್ರು ಇರ್ಲೇಬೇಕು" ಎನ್ನುತ್ತಾಳೆ. ಆದರೆ ಆ ಹೊತ್ತಿಗೆ ನಾನು ಲ್ಯಾಬಿನಲ್ಲಿದ್ದೆನಂತೆ. ಹೆಂಡತಿ ಹೇಳುವ ಮಾತು.

ಅದು ಗೋಥೆನ್‌ಬರ್ಗ್‌ನಲ್ಲಿ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ಚೀನೀ ಸುರುಳಿಚಿತ್ರ. ಮಸಿಯ ಬೆಟ್ಟ, ಸೇತುವೆಯ ಮೇಲೆ ಕಡ್ಡಿಯಂಥ ಒಬ್ಬ ಮುದುಕ, ನಡುವೆ ಏನನ್ನೂ ಬರೆಯದೆ ಬಿಟ್ಟ ಮಂಜು.

ಅಮ್ಮ ತೀರಿಕೊಂಡ ಮೇಲೆ, ಮನೆ ಬದಲಿಸುವಾಗ, ಹರಾಜಿಗೆ ಕೊಡೋಣ ಎಂದಳು ಹೆಂಡತಿ. ಸ್ವೀಡನ್ನಿನ ಅಟ್ಟಗಳಿಂದ ಇಳಿದ ಚೀನೀ ವಸ್ತುಗಳನ್ನು ಚೀನಾದವರೇ ಫೋನಿನಲ್ಲಿ ಪೈಪೋಟಿಗೆ ಬಿದ್ದು ಕೊಳ್ಳುತ್ತಿದ್ದ ಕಾಲ ಅದು. ಹರಾಜುಮನೆಯ ತಜ್ಞೆ ಭೂತಗನ್ನಡಿ ಹಿಡಿದಳು. ಹಳೆಯ ಶೈಲಿಯ ನಕಲು, ಆದರೂ ಕೈ ಚೆನ್ನಾಗಿದೆ ಎಂದಳು. ಮೂಲೆಯಲ್ಲಿದ್ದ ಎರಡು ಕೆಂಪು ಮುದ್ರೆಗಳಲ್ಲಿ ಒಂದು ಚಿತ್ರಕಾರನದು, ಇನ್ನೊಂದು ಯಾರೋ ಒಡೆಯನದು. ಚಿತ್ರ ಕೈಗೆ ಬಂದವರು ಹಾಗೆ ತಮ್ಮ ಗುರುತು ಒತ್ತುವುದು ಅಲ್ಲಿನ ರೂಢಿ.

"ಬೆಟ್ಟದ ನೆತ್ತಿಯ ಮೇಲಿರುವುದು ಮುದ್ರೆಯಲ್ಲ, ಬರೀ ಕೆಂಪು ಕಲೆ. ತೆಗೆಸಿದರೆ ಒಳ್ಳೆಯದು" ಎಂದಳು ತಜ್ಞೆ.

ಟ್ರಾಮಿನಲ್ಲಿ ಹೆಂಡತಿ, "ತೆಗೆಸಿಬಿಡೋಣ ರೀ" ಎಂದಳು.

"ಅದು ಅಮ್ಮ ಇಟ್ಟಿದ್ದು."

"ನೀವೆಲ್ಲಿ ನೋಡಿದ್ರಿ? ನಾನೂ ನೋಡಿಲ್ಲ. ದೇವರಿಗೇ ಪುರಾವೆ ಕೇಳೋರು ನೀವು! ಕೊಳ್ಳುವಾಗಲೇ ಇತ್ತೇನೋ." ಆಮೇಲೆ ತಾನೇ ಹೇಳಿದಳು: "ಅತ್ತೆದೇ ಆದ್ರೆ ಮಾರೋದು ಬೇಡ."

ಅಮ್ಮನ ದನಿ ಆಗಲೇ ಮಸುಕಾಗಿತ್ತು. ಈ ನೆನಪನ್ನೂ ನನ್ನ ಅನುಮಾನಕ್ಕೆ ಒಪ್ಪಿಸಬೇಕಲ್ಲ ಎಂದು ದಣಿವಾಯಿತು.

ಅಮ್ಮ ತರುತ್ತಿದ್ದದ್ದು ಅರಿಸಿನಕ್ಕೆ ಸುಣ್ಣ ಬೆರೆಸಿ ಮನೆಯಲ್ಲೇ ಮಾಡಿದ ಕುಂಕುಮ. ಹುಳಿ ತಾಗಿದರೆ ಅದು ಮತ್ತೆ ಹಳದಿಗೆ ತಿರುಗುತ್ತದೆ. ಮುದ್ರೆಯ ಬಣ್ಣ ಕಲ್ಲಿನದು, ಎಣ್ಣೆಯಲ್ಲಿ ಕಲೆಸಿದ್ದು, ನಿಂಬೆರಸಕ್ಕೆ ಜಗ್ಗುವಂಥದ್ದಲ್ಲ. ಒಂದು ಭಾನುವಾರ ಬೆಟ್ಟದ ನೆತ್ತಿಯಿಂದ ಒಂದಿಷ್ಟು ಪುಡಿಯನ್ನು ಒಣ ಹತ್ತಿಗೆ ತಾಗಿಸಿಕೊಂಡು, ಅಡುಗೆಮನೆಯ ತಟ್ಟೆಯಲ್ಲಿಟ್ಟು ನಿಂಬೆಹಣ್ಣು ಹಿಂಡಿದೆ. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು.

ಆ ಹಬ್ಬದ ದಿನ ನಾನು ಮನೆಯಲ್ಲಿದ್ದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಹತ್ತಿ ಮಾತ್ರ ಹಳದಿಯಾಯಿತು.