ಮುಖ ನೋಡಿ ಉಪ್ಪು ಹೇಳಿದವರು

ಹಾರೂಗೇರಿಯ ನಮ್ಮ ಓಣಿಯಲ್ಲಿ ಬೇಸಿಗೆಗೆ ವರ್ಷದ ಮಸಾಲೆ ಖಾರ ಕುಟ್ಟಿಸಿದರೆ ಮೊದಲ ಚಿಟಿಕೆ ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಹಿರಿಯಾಕೆಯ ನಾಲಿಗೆಗೆ. ಕಣ್ಣು ಮುಚ್ಚಿ ಚಪ್ಪರಿಸಿ, "ಬಳ್ಳೊಳ್ಳಿ ಇನ್ನಷ್ಟ ಬೇಕಿತ್ತ ನೋಡವಾ" ಎನ್ನುತ್ತಿದ್ದರು. ಅವರು ಒಪ್ಪದೆ ಯಾರೂ ಖಾರವನ್ನು ಡಬ್ಬಿಗೆ ತುಂಬುತ್ತಿರಲಿಲ್ಲ.

ಆಮೇಲೆ ಅವರ ಕೆಮ್ಮಿಗೆ ಮಿರಜದ ಡಾಕ್ಟರು ಸಾರ್ಕಾಯ್ಡೋಸಿಸ್ ಎಂಬ ಹೆಸರು ಹೇಳಿದರು. ಬೇನೆ ಶ್ವಾಸಕೋಶದ್ದು, ಆದರೆ ಕಾಡಿದ್ದು ಹೊಟ್ಟೆ. ನಾಲ್ಕು ತುತ್ತಿಗೇ ಉಬ್ಬುತ್ತಿತ್ತು, ಗುಳಿಗೆ ನುಂಗಿದರೆ ಉರಿಯುತ್ತಿತ್ತು. ಖಾರ ಬಂದ್ ಆಯಿತು. ಮಜ್ಜಿಗೆ ಅನ್ನ ಕಲಸುವಾಗೆಲ್ಲ, "ಬ್ಯಾನಿ ಎದ್ಯಾಗ, ಶಿಕ್ಷಾ ನಾಲಿಗಿಗಿ" ಎಂದು ನಗುತ್ತಿದ್ದರು.

ಆ ಬೇಸಿಗೆ ನಾನು ರೂಢಿಯಂತೆ ಖಾರದ ಬಟ್ಟಲು ಹಿಡಿದು ಅವರ ಹೊಸ್ತಿಲಿಗೆ ಹೋಗಿಬಿಟ್ಟೆ. ನೆನಪಾಗಿ, ನಾಚಿ ಹಿಂದೆ ಸರಿದೆ.

"ಬಾ ಇಲ್ಲೆ. ನೀ ತಿನ್ನು, ನಾ ನಿನ್ನ ಮಾರಿ ನೋಡತೀನಿ" ಎಂದರು.

ಚಿಟಿಕೆ ಬಾಯಿಗಿಟ್ಟೆ. ನನ್ನ ಹುಬ್ಬು, ತುಟಿ, ಕಣ್ಣಂಚಿನ ನೀರು ಎಲ್ಲವನ್ನೂ ನಿಧಾನವಾಗಿ ನೋಡಿ, "ಉಪ್ಪ ಕಮ್ಮಿ ಆಗೇತಿ" ಎಂದರು. ಆಗಿತ್ತು.

ಈ ಬೇಸಿಗೆ ಕಾಕು ಇಲ್ಲ. ಮೊನ್ನೆ ಗಿರಣಿಯಿಂದ ಬಂದ ಖಾರವನ್ನು ನಾಲಿಗೆಗಿಟ್ಟೆ. ಉಪ್ಪು ಸಾಕೋ ಬೇಕೋ ತಿಳಿಯಲಿಲ್ಲ. ನನ್ನ ಮುಖ ತಾನಾಗಿಯೇ ಅವರ ಮುಚ್ಚಿದ ಬಾಗಿಲ ಕಡೆ ತಿರುಗಿ ಕಾಯುತ್ತಿತ್ತು.