ಎರಡೂರು ಸೇರಿ ಕೇಳಿದ ಪಂದ್ಯ

ನಾನು ಓದಿದ್ದು ಐದನೇ ಕ್ಲಾಸು. ಆಮೇಲೆ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಮನೆಯಲ್ಲಿ ಕೈ ಸಾಲದೆ ಸ್ಕೂಲು ಬಿಡಿಸಿದರು. ನನ್ನ ತಮ್ಮ ಪಿಯುಸಿವರೆಗೂ ಹೋದ. ಬರೆಯುವುದು ನನಗೆ ಕಷ್ಟ. ಆದರೂ ಇದನ್ನು ನಾನೇ ಬರೆಯಬೇಕು. ಬೇರೆಯವರ ಕೈಲಿ ಬರೆಸಿದರೆ ಅವರು ನನ್ನ ಪರವಾಗಿ ಒಂದೆರಡು ಮಾತು ಸೇರಿಸಿಬಿಡುತ್ತಾರೆ.

ನನ್ನ ತವರು, ಗಂಡನ ಊರು ಎರಡೂ ದಿಬ್ಬೂರಹಳ್ಳಿ ಕಡೆಯವು. ನಡುವೆ ಒಂದು ಕೆರೆ. ಬಾಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಏರಿಯ ಮೇಲೆ ನಡೆದರೆ ಅದು ಮುಗಿಯುವ ಹೊತ್ತಿಗೆ ಇನ್ನೊಂದೂರು ಸಿಗುತ್ತದೆ. ಎರಡು ಕಡೆಯೂ ರೇಷ್ಮೆ ಸಾಕುತ್ತಾರೆ, ಎರಡು ಕಡೆಯೂ ಫುಟ್‌ಬಾಲ್ ಹುಚ್ಚು. ಆ ಹುಚ್ಚು ಹಿಡಿಸಿದವರು ಚಿನ್ನದ ಗಣಿ ಕಡೆಯಿಂದ ಹೈಸ್ಕೂಲಿಗೆ ಬಂದಿದ್ದ ಡ್ರಿಲ್ ಮೇಷ್ಟ್ರು. ಅವರು ವರ್ಗವಾಗಿ ಹೋದರು, ಚೆಂಡು ಇಲ್ಲೇ ಉಳಿಯಿತು.

ಜಪಾನ್, ಕೊರಿಯಾ ಸೇರಿ ವಿಶ್ವಕಪ್ ನಡೆಸಿದ ವರ್ಷ ತಮ್ಮ ಟೀವಿ ಮುಂದಿನಿಂದ ಏಳಲಿಲ್ಲ. ಆಟಕ್ಕಿಂತ ಹೆಚ್ಚಾಗಿ ಅವನ ತಲೆಗೆ ಹೊಕ್ಕಿದ್ದು, ಬೇರೆ ಬೇರೆಯಾಗಿ ಕೇಳಿದ ಎರಡು ದೇಶಗಳು ಕೊನೆಗೆ ಒಂದಾಗಿ ಅದನ್ನು ಪಡೆದ ಸುದ್ದಿ.

“ಒಂದು ಕಾಲಕ್ಕೆ ಆಗದೋರಂತೆ ಕಣಕ್ಕ ಅವರು,” ಅಂದ. “ಅವರೇ ಸೇರಿ ಮಾಡ್ತಾರೆ ಅಂದ್ರೆ ನಮಗೇನು ರೋಗ? ಮಧ್ಯೆ ಇರೋದು ಒಂದು ಕೆರೆ.”

ಅವನ ಕಣ್ಣಿದ್ದದ್ದು ವರ್ಷಕ್ಕೊಮ್ಮೆ ನಡೆಯುವ ಒಂದು ಪಂದ್ಯಾವಳಿಯ ಮೇಲೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ತಂಡಗಳು ಆಡುತ್ತಿದ್ದವು, ಆಂಧ್ರದ ಗಡಿಯಾಚೆಯಿಂದಲೂ ಬರುತ್ತಿದ್ದರು. ಯಾವಾಗಲೂ ಪೇಟೆಯಲ್ಲೇ ನಡೆಯುತ್ತಿತ್ತು. ಹಳ್ಳಿಗೆ ಯಾರೂ ಕೊಟ್ಟಿರಲಿಲ್ಲ, ಕೇಳಿಯೂ ಇರಲಿಲ್ಲ. ತವರಿನಲ್ಲಿ ಮೈದಾನವಿತ್ತು. ತಮ್ಮ ಮತ್ತು ಅವನ ಗೆಳೆಯರು ಕೆರೆಯಂಗಳದ ಕಲ್ಲು ಆರಿಸಿ, ಜಾಲಿ ಬೇರು ಕಿತ್ತು, ಮಟ್ಟ ಮಾಡಿದ್ದ ಜಾಗ. ಆದರೆ ಬಂದವರು ಇಳಿದುಕೊಳ್ಳಲು ಅಲ್ಲಿ ನೆರಳಿಲ್ಲ. ಗಂಡನ ಊರಿನಲ್ಲಿ ಹೈಸ್ಕೂಲು ಕಟ್ಟಡ, ಬೋರಿನ ನೀರು ಎಲ್ಲ ಇತ್ತು, ಮೈದಾನ ಇರಲಿಲ್ಲ. ಒಬ್ಬರ ಕೊರತೆ ಇನ್ನೊಬ್ಬರಿಂದ ತುಂಬುತ್ತಿತ್ತು. ಒಂದೆರಡು ವರ್ಷ ಅದನ್ನೇ ಹೇಳಿಕೊಂಡು ತಿರುಗಿದ. ಕೊನೆಗೆ ನಮ್ಮ ಮನೆಗೆ ಬಂದು ನನ್ನ ಗಂಡನ ಅಣ್ಣನ ಮುಂದೆ ಕೂತು ಮಾತಾಡಿದ.

ಭಾವನವರ ಮಾತೇ ಆ ಊರಿನಲ್ಲಿ ಕೊನೆಯ ಮಾತು. ಅವರು ತಮ್ಮನ ಬೆನ್ನು ತಟ್ಟಿದರು. ಎರಡೂರು ಒಟ್ಟಿಗೆ ಕೇಳೋಣ, ಅರ್ಧ ಪಂದ್ಯ ಅಲ್ಲಿ, ಅರ್ಧ ಇಲ್ಲಿ ಅಂದರು. ಪಂದ್ಯ ನಡೆಸುವವರು ಜಾಗ ನೋಡಲು ಬರುವ ದಿನ ಎರಡೂರಿನವರೂ ಎದುರಿಗೆ ನಿಲ್ಲಬೇಕು ಎಂದು ಮಾತಾಯಿತು. ಮೊಬೈಲು ಇದ್ದದ್ದು ಭಾವನವರ ಹತ್ತಿರ, ಹಾಗಾಗಿ ದಿನ ಗೊತ್ತು ಮಾಡುವ ಕೆಲಸ ಅವರಿಗೇ ಬಿತ್ತು. ತಮ್ಮ ಹೋಗುವಾಗ ಅವರ ಕಾಲಿಗೆ ಬಿದ್ದು ಹೋದ.

ಇಲ್ಲಿ ರೇಷ್ಮೆಯ ವಿಷಯ ಸ್ವಲ್ಪ ಹೇಳಬೇಕು. ಹುಳ ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಬಿಡುತ್ತದೆ. ನಾವು ಅದಕ್ಕೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಹಗಲು ರಾತ್ರಿ ತಿಂದು ಹಣ್ಣಾಗುತ್ತದೆ. ಹಣ್ಣಾದ ಹುಳವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ ಬಿಡಬೇಕು. ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ನೂಲು ಸುತ್ತಿ ಹಾಳಾಗುತ್ತದೆ. ಆ ದಿನ ಮನೆಯವರು ಹೆಣ ಎತ್ತಲೂ ಹೋಗುವುದಿಲ್ಲ. ತವರಿನಲ್ಲಿ ಊರಿಗೆ ಊರೇ ಒಂದೇ ದಿನ ಚಾಕಿ, ಅಂದರೆ ಮರಿಹುಳ ತರುತ್ತಿತ್ತು, ಊರಿಗೆ ಊರೇ ಒಂದೇ ದಿನ ಹಣ್ಣು.

ನಾನು ತವರಿಗೆ ಹೋಗಿ ಸೊಪ್ಪು ಹಾಕಿ ಬಂದ ಮಾರನೇ ದಿನ ಭಾವನವರು ನನ್ನನ್ನು ಪಡಸಾಲೆಗೆ ಕರೆದರು. ಮದುವೆಯಾಗಿ ಬಂದ ಮೇಲೆ ಅವರು ನನ್ನನ್ನು ಕೂರಿಸಿ ಮಾತಾಡಿದ್ದು ಅದೇ ಮೊದಲು. ಅಲ್ಲಿಯವರೆಗೆ ನಾನು ಆ ಮನೆಯಲ್ಲಿ ಏರಿಯಾಚೆಯವಳು, ಅಷ್ಟೇ.

“ಏಮ್ಮಾ, ನಿಮ್ಮೂರಲ್ಲಿ ಹುಳ ಎಷ್ಟನೇ ಜ್ವರ?”

ನಾಲ್ಕನೇದು ಎದ್ದಿದೆ ಅಂದೆ. ಹಣ್ಣಾಗುವುದು ಯಾವತ್ತು ಅಂತ ಕೇಳಿದರು. ಜಾಗ ನೋಡುವ ದಿನ ಗೊತ್ತು ಮಾಡಲು ಕೇಳುತ್ತಿದ್ದಾರೆ ಅಂತ ಆಗ ನನಗೆ ಅರ್ಥವಾಯಿತು. ಇದನ್ನು ನಾನು ಮುಚ್ಚಿಡುವುದಿಲ್ಲ. ಗೊತ್ತಿಲ್ಲ ಅಂದಿದ್ದರೆ ಆಗುತ್ತಿತ್ತು. ಆದರೆ ನನ್ನನ್ನೂ ಒಂದು ಮಾತು ಕೇಳಿದರಲ್ಲ ಎಂಬ ಹಿಗ್ಗು ಒಳಗೆ ಕುಣಿಯುತ್ತಿತ್ತು. ಜೊತೆಗೆ, ಓದು, ಆಟ, ಹೊಗಳಿಕೆ ಎಲ್ಲ ತಮ್ಮನಿಗೇ ಹೋಯಿತು ಎಂಬ ಹಳೆಯ ಉರಿಯೂ ಇತ್ತೇನೋ. ಶನಿವಾರ ಅಂದೆ. ಅವರು ನಕ್ಕು, ಸೆಮಿಫೈನಲ್ ಏನಿದ್ದರೂ ನಿನ್ನ ತಮ್ಮನ ಮೈದಾನದಲ್ಲೇ ಅಂತ ಮಾತು ಕೊಟ್ಟರು. ತವರಿನ ಕಡೆ ಹೋಗುವ ಬಸ್ಸು ದಿನಾ ನಮ್ಮ ಬಾಗಿಲ ಮುಂದೆಯೇ ನಿಲ್ಲುತ್ತಿತ್ತು. ಕಂಡಕ್ಟರಿಗೆ ಒಂದು ಮಾತು ಹೇಳಿ ಕಳಿಸಿದ್ದರೂ ತಮ್ಮ ದಿನ ಬದಲಾಯಿಸಿ ಅಂತ ಕೇಳುತ್ತಿದ್ದ. ನಾನು ಕಳಿಸಲಿಲ್ಲ.

ಶನಿವಾರ ಜಾಗ ನೋಡುವವರ ಜೀಪು ಬಂದ ಮೇಲೆ ತವರಿಗೆ ಸುದ್ದಿ ಹೋಯಿತು. ತಮ್ಮ ಓಡಿ ಬರುವಷ್ಟರಲ್ಲಿ ಜೀಪು ಹೊರಟಿತ್ತು. ಅವನ ಅಂಗಿಯ ತೋಳಿನ ಮೇಲೆ ಇನ್ನೂ ಒಂದು ಹುಳ ತಲೆಯೆತ್ತಿ ಆಡಿಸುತ್ತಿತ್ತು. ಬಂದವರಿಗೆ ಭಾವನವರು, ಆ ಊರಿನವರಿಗೆ ಆಸಕ್ತಿ ಇಲ್ಲ, ನೀವೇ ನೋಡಿದಿರಲ್ಲ, ಒಬ್ಬನೂ ಬರಲಿಲ್ಲ ಅಂದಿದ್ದರು. ಗೋಮಾಳ ಮಟ್ಟ ಮಾಡಿಸುವುದಾಗಿ ಒಪ್ಪಿಕೊಂಡು ಇಡೀ ಪಂದ್ಯಾವಳಿಯನ್ನು ನಮ್ಮೂರೊಂದಕ್ಕೇ ಬರೆಸಿಕೊಂಡಿದ್ದರು.

ಸೆಮಿಫೈನಲ್ಲಿನ ಮಾತನ್ನು ಆಮೇಲೆ ಕೇಳಿದೆ. ಯಾವ ಸೆಮಿಫೈನಲ್ಲಮ್ಮ, ಹೋಗಿ ಹಿಟ್ಟು ರುಬ್ಬು ಅಂದರು. ನಾನು ಮತ್ತೆ ಏರಿಯಾಚೆಯವಳಾದೆ.

ಪಂದ್ಯದ ದಿನ ತವರಿನ ತಂಡವೂ ಆಡಲು ಬಂತು. ಬರಬೇಡಿ ಅಂತ ಕೆಲವರು ತಡೆದರೂ, ಆಟದ ಮೇಲೆ ಸಿಟ್ಟು ಯಾಕೆ ಅಂತ ತಮ್ಮನೇ ಕರೆತಂದನಂತೆ. ಮಧ್ಯಾಹ್ನ ಚಪ್ಪರದ ಕೆಳಗೆ ನಾವು ಹೆಂಗಸರು ಬಡಿಸುತ್ತಿದ್ದೆವು. ತಮ್ಮನ ಪಕ್ಕ ಕೂತಿದ್ದವನು ಅವರ ತಂಡದ ಗೋಲಿ, ಗೋಲು ಕಾಯುವವನು. ತಮ್ಮನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು, ಬಾಯಿ ಸ್ವಲ್ಪ ಜೋರು. ಭಾವನವರು ಆ ಕಡೆ ಬಂದಾಗ ಅವನು ಕೇಳಿಯೇಬಿಟ್ಟ.

“ಅಲ್ಲ ಯಜಮಾನ್ರೇ, ಸರಿಯಾಗಿ ಹುಳ ಹಣ್ಣಾಗೋ ದಿನಾನೇ ಜೀಪು ಕರೆಸಿದ್ರಲ್ಲ, ಪಂಚಾಂಗ ನೋಡಿದ್ರಾ?”

“ಪಂಚಾಂಗ ಯಾಕಪ್ಪ ನೋಡ್ಲಿ?” ಅಂದರು ಭಾವನವರು. “ನಿಮ್ಮೂರ ಪಂಚಾಂಗ ನಮ್ಮ ಅಡುಗೆಮನೇಲೇ ಐತಲ್ಲ.”

ಪಂಕ್ತಿ ಪೂರ್ತಿ ನಕ್ಕಿತು. ನಾನು ಸಾರಿನ ಬಕೆಟ್ಟು ಹಿಡಿದು ನಿಂತಿದ್ದೆ. ಯಾರಿಗಾಗಿ ತಮ್ಮನ ಕೈ ಬಿಟ್ಟಿದ್ದೆನೋ ಅವರೇ ಒಂದು ನಗುವಿಗೆ ನನ್ನನ್ನು ಮಾರಿದ್ದರು.

ನಾನು ಬಕೆಟ್ಟು ಇಡಲು ಒಲೆಗಳ ಹಿಂದಕ್ಕೆ ಹೋದೆ, ತಮ್ಮ ಎದ್ದು ಅಲ್ಲಿಗೆ ಬಂದ. ನೀನು ಹೇಳಿದ್ಯಾ ಅಕ್ಕ ಅಂತ ಮೆಲ್ಲಗೆ ಕೇಳಿದ. ಹೌದು ಅಂದರೂ ಅವನು ಹೊಡೆಯುವವನಲ್ಲ, ಬಯ್ಯುವವನೂ ಅಲ್ಲ. ನನಗೆ ಅದೂ ಗೊತ್ತಿತ್ತು.

“ನಿನ್ನಾಣೆ ಕಣೋ,” ಅಂದೆ. “ನಾನು ಹೇಳಿಲ್ಲ.”

ನಮ್ಮಲ್ಲಿ ಅಕ್ಕ ತಮ್ಮನ ಮೇಲೆ ಸುಳ್ಳಾಣೆ ಇಡುವುದಿಲ್ಲ. ಇಟ್ಟರೆ ಅವನ ಆಯಸ್ಸಿಗೆ ಕುತ್ತು ಅನ್ನುತ್ತಾರೆ. ಅವನು ತಲೆಯಾಡಿಸಿ ಹೊರಗೆ ಹೋದ. ಹೊರಗೆ ಗೋಲಿ ಇನ್ನೂ ಅದನ್ನೇ ಹೇಳುತ್ತಿದ್ದ, ನಿಮ್ಮಕ್ಕನೇ ಕಣೋ ಮುಳುಗಿಸಿದ್ದು ಅಂತ. ತಮ್ಮ ಅವನ ಕೆನ್ನೆಗೆ ಹೊಡೆದ. ತಂಡ ಅಲ್ಲೇ ಎರಡು ಹೋಳಾಯಿತು. ಮಧ್ಯಾಹ್ನದ ಆಟಕ್ಕೆ ಅವರು ಇಳಿಯಲಿಲ್ಲ. ತಮ್ಮ ಆಮೇಲೆ ಯಾವತ್ತೂ ಆಡಲಿಲ್ಲ. ಗೋಲಿಯ ಜೊತೆ ಮಾತೂ ನಿಂತಿತು. ಹಬ್ಬಕ್ಕೆ ನನಗೆ ಸೀರೆ ತರುವುದು ಮಾತ್ರ ಅವನು ಒಂದು ವರ್ಷವೂ ತಪ್ಪಿಸಲಿಲ್ಲ.

ಕೆಲವು ವರ್ಷದ ಮೇಲೆ ತಮ್ಮ ಹೊಸ ಮನೆ ಕಟ್ಟಿದ. ಗೃಹಪ್ರವೇಶದ ದಿನ ನಾನು ಬಾಗಿಲಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದೆ. ಕರೆಯದೆಯೇ ಗೋಲಿ ಬಂದ. ಸಂಸಾರವನ್ನೂ ಕರೆದುಕೊಂಡು ಬಂದಿದ್ದ. ಎಷ್ಟು ವರ್ಷ ಹೀಗೆ ಅಂತ ಅವನೇ ಸೋತು ಬಂದಿದ್ದು ಮುಖದಲ್ಲಿ ಕಾಣುತ್ತಿತ್ತು. ತಮ್ಮನ ಕಣ್ಣಲ್ಲಿ ನೀರು ಬಂತು, ಆದರೂ ಹೊಸಿಲಿಗೆ ಅಡ್ಡ ನಿಂತ.

“ಮೊದಲು ನಮ್ಮಕ್ಕನ ಹತ್ರ ಕ್ಷಮೆ ಕೇಳ್ಕೋ. ಆಮೇಲೆ ಒಳಗೆ ಬಾ.”

ಗೋಲಿ ನನ್ನನ್ನು ನೋಡಿದ. ಅವನಿಗೆ ಎಲ್ಲ ಗೊತ್ತು ಅಂತ ಆ ನೋಟದಲ್ಲೇ ಇತ್ತು. ಆಮೇಲೆ ಬಗ್ಗಿ ನನ್ನ ಕಾಲು ಮುಟ್ಟಿದ.

“ತಪ್ಪಾಯ್ತಕ್ಕ,” ಅಂದ.

“ಇರ್ಲಿ ಬಿಡಪ್ಪ,” ಅಂದು ನಾನು ಅವನ ಹೆಂಡತಿಗೆ ಕುಂಕುಮ ಕೊಟ್ಟೆ.